ಕುರ್ಸುರದ ಒಡಲಲ್ಲಿ

ದಸರೆಯ ರಜೆಯಲ್ಲಿ ವಿಶಾಖಪಟ್ಟಣಕ್ಕೆ ಸಂಸಾರಸಮೇತರಾಗಿ ಹೋಗಿದ್ದ ನಾವು, ರಾಮಕೃಷ್ಣ ಬೀಚಿನಲ್ಲಿ ದಡಕ್ಕೇರಿ ನಿಂತಿರುವ ‘ಕುರ್ಸುರ’ ಜಲಾಂತರ್ಗಾಮಿಯನ್ನು ನೋಡಿದೆವು. ಸೋವಿಯತ್ ಒಕ್ಕೂಟದಲ್ಲಿ ನಿರ್ಮಿತವಾದ ಈ ನೌಕೆ 1969ರಲ್ಲಿ ನಮ್ಮ ನೌಕಾದಳವನ್ನು ಸೇರಿತು. 1971ರ ಯುದ್ಧದ ಸಂದರ್ಭದಲ್ಲಿ ಅರಬ್ಬೀ ಸಮುದ್ರದಲ್ಲಿ ಗಸ್ತು ತಿರುಗಿತು. 2001ರಲ್ಲಿ ನಿವೃತ್ತವಾಗಿ ಮರುವರ್ಷವೇ ವಸ್ತುಸಂಗ್ರಹಾಲಯವಾಯಿತು.

ಉದ್ದವೇನೋ 91 ಮೀಟರು. ಒಳಗೆ ಮಾತ್ರ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒತ್ತಿ ನಿಲ್ಲಬೇಕು. ಇಲ್ಲಿ ಸುಮಾರು 75 ಮಂದಿ ಬಾಳಿದರೆಂದು ಕೇಳಿ, ಬಾಡಿಗೆಯ ಮನೆ ಕಿರಿದೆಂದು ದಿನವೂ ಕೊರಗುವ ನನ್ನಾಕೆ ನಕ್ಕುಬಿಟ್ಟಳು.

ಕೋಣೆಯಿಂದ ಕೋಣೆಗೆ ದುಂಡನೆಯ ಕಿಂಡಿಗಳಲ್ಲಿ ನುಸುಳಿಯೇ ಹೋಗಬೇಕು. ಮಗನಿಗಂತೂ ಅದೇ ಆಟ. ನೀರು ನುಗ್ಗಿದಾಗ ಕಿಂಡಿಯ ಉಕ್ಕಿನ ಬಾಗಿಲನ್ನು ಬಿಗಿದು ಉಳಿದ ಭಾಗವನ್ನು ಕಾಪಾಡುವರೆಂದು ಮಾರ್ಗದರ್ಶಕರಾದ ನಿವೃತ್ತ ನಾವಿಕರು ವಿವರಿಸಿದರು.

“ಬಾಗಿಲಿನ ಆಚೆ ಇರುವವರು?” ಎಂದು ಮಗ ಕೇಳಿದ. ಅವನ ಪ್ರಶ್ನೆಯನ್ನು ನಾನು ಹಿಂದಿಯಲ್ಲಿ ತಿಳಿಸಿದೆ.

ಹಿರಿಯರು ಕ್ಷಣಕಾಲ ಸುಮ್ಮನಿದ್ದು, “ಅದನ್ನು ಅರಿತೇ ನಾವು ಒಳಗೆ ಇಳಿಯುತ್ತಿದ್ದೆವು” ಎಂದರು.

ಮುಂದಿನ ಕಿಂಡಿಯನ್ನು ಮಗ ಹಾರಲಿಲ್ಲ; ಬಾಗಿಲನ್ನು ಮೆಲ್ಲನೆ ಮುಟ್ಟಿ, ತಲೆ ತಗ್ಗಿಸಿ ದಾಟಿದ.