ನೀರಿಲ್ಲದ ಅಂಗಳಕ್ಕೆ ಕಣಗಿಲೆಯೂ ಕಾಗದದ ಹೂವೂ

ಕೃಷ್ಣಾ ನದಿಯ ದಂಡೆಯ ಕೊಲ್ಹಾರವು ಗಡಿಗೆಯ ಮೊಸರಿಗೆ ಹೆಸರಾದ ಊರೆಂಬದನ್ನು ನಮ್ಮ ಸೀಮೆಯವರಿಗೆ ಹೇಳಬೇಕಾದದ್ದಿಲ್ಲ. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿಯ ಆಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಊರು ಮುಳುಗಿದ್ದರಿಂದ ಅಲ್ಲಿಯ ಕುಟುಂಬಗಳು ಎತ್ತರದ ನೆಲದಲ್ಲಿ ಹೊಸ ಮನೆಗಳನ್ನು ಕಟ್ಟಿಕೊಳ್ಳಬೇಕಾಯಿತು. ಮನೆಗಳೇನೋ ಎದ್ದವು, ಆದರೆ ಹಿರಿಯರು ನೆಟ್ಟು ಬೆಳೆಸಿದ ಗಿಡಮರಗಳು ಜನರ ಸಂಗಡ ಎದ್ದು ಬರಲಾರವಷ್ಟೆ. ಬರಿದಾದ ಅಂಗಳವನ್ನು ಹೂವಿನಿಂದ ತುಂಬಬೇಕೆಂಬ ಆಶೆ ಗೃಹಿಣಿಯರಿಗೆ ಸಹಜವಾದದ್ದು. ಕಣ್ಣು ಹಾಯುವಷ್ಟು ದೂರ ಹಿನ್ನೀರು ಹರಡಿದ್ದರೂ ಅದು ತಾನಾಗಿ ನಮ್ಮ ಗಿಡದ ಬುಡಕ್ಕೆ ಬಾರದು. ವಿಜಯಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸಿನದು. ಬೇಸಿಗೆಯ ಬಿಸಿಲು 40 ಡಿಗ್ರಿಯನ್ನು ದಾಟುವದು. ಇಂಥ ನೆಲದಲ್ಲಿ ಗುಲಾಬಿಯನ್ನು ನಂಬಿ ಕುಳಿತವರು ಕೊಡ ಹೊತ್ತು ಹೊತ್ತು ಬೇಸತ್ತು ಹೋಗುವರು.

ಅಲ್ಪ ನೀರಿನಲ್ಲಿ ಬಾಳಿ ಧಾರಾಳವಾಗಿ ಹೂ ಕೊಡುವ ಗಿಡಗಳಲ್ಲಿ ಎರಡು ನಮಗೆಲ್ಲರಿಗೂ ಪರಿಚಿತವಾದವು. ಒಂದು ಕಣಗಿಲೆ, ಸಂಸ್ಕೃತದಲ್ಲಿ ಕರವೀರವೆನಿಸಿಕೊಳ್ಳುವದು. ಇನ್ನೊಂದು ಬೋಗನ್‌ವಿಲ್ಲಾ, ಜನರ ಬಾಯಲ್ಲಿ ಕಾಗದದ ಹೂವು. ಹೆದ್ದಾರಿಯ ಎರಡು ದಾರಿಗಳ ನಡುವಿನ ಪಟ್ಟಿಯಲ್ಲಿ ಇವೆರಡನ್ನೂ ನೆಡುವ ವಾಡಿಕೆಯುಂಟು. ಹಾಗಾದರೆ ಯಾವದನ್ನು ಹಚ್ಚಿದರೂ ಒಂದೇ ಎಂದು ತಿಳಿಯಲಾಗದು. ಇವು ಬರವನ್ನು ತಾಳುವ ಬಗೆ ಬೇರೆ, ಬೇಡುವ ಆರೈಕೆ ಬೇರೆ. ದನಕರುಗಳಿರುವ ಮನೆಗೆ ಇವುಗಳಿಂದಾಗುವ ಪರಿಣಾಮವಂತೂ ತೀರ ಬೇರೆ.

ಕಣಗಿಲೆಯು ಮೆಡಿಟರೇನಿಯನ್ ಸಮುದ್ರದ ತೀರಗಳಿಂದ ಹಿಡಿದು ಏಷ್ಯಾ ಖಂಡದ ದಕ್ಷಿಣ ಭಾಗದ ವರೆಗೆ ಹಳ್ಳಕೊಳ್ಳಗಳ ಪಾತ್ರದಲ್ಲಿ ತಾನಾಗಿ ಬೆಳೆಯತಕ್ಕ ಗಿಡ. ಹಳ್ಳವು ಮಳೆಗಾಲದಲ್ಲಿ ತುಂಬಿ ಹರಿದು ಬೇಸಿಗೆಯಲ್ಲಿ ಬತ್ತುವದು. ಆದುದರಿಂದ ಈ ಗಿಡವು ನೆರೆಯನ್ನೂ ಬರವನ್ನೂ ಸಹಿಸುವದನ್ನು ಕಲಿತಿದೆ. ಅದರ ಎಲೆಯನ್ನು ಮುಟ್ಟಿ ನೋಡಿರಿ: ತೊಗಲಿನಂತೆ ದಪ್ಪ, ಮೇಲೆ ಮೇಣದ ಹೊಳಪು. ಎಲೆಗಳು ಉಸಿರಾಡುವ ಸಣ್ಣ ರಂಧ್ರಗಳು ಮಿಕ್ಕ ಗಿಡಗಳಲ್ಲಿ ಮೈಮೇಲೆಯೇ ತೆರೆದಿದ್ದರೆ, ಕಣಗಿಲೆಯಲ್ಲಿ ಅವು ಎಲೆಯ ಕೆಳಮೈಯ ಚಿಕ್ಕ ಕುಳಿಗಳೊಳಗೆ ಅಡಗಿರುವವು. ಆ ಕುಳಿಗಳ ಒಳಗೆಲ್ಲ ನವಿರಾದ ರೋಮಗಳಿರುವದರಿಂದ ಬಿಸಿಗಾಳಿಯು ನೇರವಾಗಿ ತಾಗದೆ ಎಲೆಯ ತೇವವು ಉಳಿಯುವದು. ಈ ಕಾರಣದಿಂದ ವೈಶಾಖದಲ್ಲಿಯೂ ಕಣಗಿಲೆಯು ಎಲೆಯುದುರಿಸದೆ ಹಸುರಾಗಿ ನಿಲ್ಲುವದು.

ಕಾಗದದ ಹೂವಿನ ಉಪಾಯವೇ ಬೇರೆ. ನೀರು ಸಾಲದಾದಾಗ ಅದು ಎಲೆಗಳನ್ನು ಉದುರಿಸಿ, ಬೆಳವಣಿಗೆಯನ್ನು ನಿಲ್ಲಿಸಿ, ಮೈತುಂಬ ಬಣ್ಣ ತಾಳುವದು. ನಾವು ಹೂವೆಂದು ಕರೆಯುವ ಆ ಬಣ್ಣದ ಪದರಗಳು ನಿಜವಾಗಿ ಮಾರ್ಪಟ್ಟ ಎಲೆಗಳು. ಮೂರು ಪದರಗಳ ನಡುವೆ ಇರುವ ಬಿಳಿಯ ಸಣ್ಣ ಕೊಳವೆಯೇ ನಿಜವಾದ ಹೂವು. ಎಲೆಯ ಜಾತಿಯವಾದ್ದರಿಂದಲೇ ಆ ಪದರಗಳು ಬೇಗ ಬಾಡದೆ ವಾರಗಟ್ಟಲೆ ನಿಲ್ಲುವವು.

ಈ ಬಳ್ಳಿಯ ಚರಿತ್ರೆಯಲ್ಲಿ ನಮ್ಮ ಹೆಣ್ಣುಮಕ್ಕಳು ತಿಳಿಯಬೇಕಾದ ಸಂಗತಿಯೊಂದುಂಟು. ಬೂಗನ್‌ವಿಲ್ ಎಂಬ ಫ್ರೆಂಚ್ ನಾವಿಕನು ಲೋಕವನ್ನು ಸುತ್ತಲು ಹೊರಟಾಗ ಅವನ ಸಂಗಡವಿದ್ದ ಕೊಮ್ಮೆರ್ಸಾನ್ ಎಂಬ ಸಸ್ಯಶಾಸ್ತ್ರಜ್ಞನು 1767ರಲ್ಲಿ ಬ್ರೆಜಿಲ್ ದೇಶದ ರಿಯೋ ಪಟ್ಟಣದ ಬಳಿಯಲ್ಲಿ ಇದನ್ನು ಸಂಗ್ರಹಿಸಿದನು. ಅವನ ಸಹಾಯಕನಾಗಿ ಹೊರೆ ಹೊತ್ತು ಗುಡ್ಡ ಹತ್ತಿದ ಯುವಕನು ನಿಜವಾಗಿ ಜಾನ್ ಬಾರೆ ಎಂಬ ಹೆಂಗಸು. ಹೆಂಗಸರಿಗೆ ಆ ಹಡಗುಗಳಲ್ಲಿ ಪ್ರವೇಶವಿಲ್ಲದ್ದರಿಂದ ಆಕೆ ಗಂಡುಡುಗೆ ತೊಟ್ಟು ಹೋಗಿದ್ದಳು. ಭೂಮಿಯನ್ನು ಸುತ್ತಿ ಬಂದ ಮೊದಲನೆಯ ಸ್ತ್ರೀಯೆಂದು ಈಗ ಆಕೆಯನ್ನು ಎಣಿಸುತ್ತಾರೆ. ಬಳ್ಳಿಗೆ ಮಾತ್ರ ನಾಯಕನ ಹೆಸರು ಬಿದ್ದಿತು!

ಇನ್ನು ಆರೈಕೆಯ ಮಾತು. ನಮ್ಮ ಎರೆಯ ನೆಲವು ಬೇಸಿಗೆಯಲ್ಲಿ ಬಿರುಕು ಬಿಡುವದು, ಮಳೆಯಲ್ಲಿ ನೀರು ಹಿಡಿದು ಕೆಸರಾಗುವದು. ಕಣಗಿಲೆಯು ಇದಾವದಕ್ಕೂ ಅಂಜದು. ತುಸು ಉಪ್ಪಾದ ಬಾವಿಯ ನೀರನ್ನು ಸಹ ಅದು ತಾಳಿಕೊಳ್ಳುವದು. ಕಾಗದದ ಹೂವಿನ ಬೇರು ನಿಂತ ನೀರಿನಲ್ಲಿ ಕೊಳೆಯುತ್ತದೆ. ಆದುದರಿಂದ ಇದಕ್ಕೆ ಎರಡು ಮೊಳ ಆಳದ ಕುಣಿ ತೋಡಿ, ತೆಗೆದ ಮಣ್ಣಿಗೆ ಗರಸನ್ನೂ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನೂ ಬೆರಸಿ, ಬುಡವು ಸುತ್ತಲಿನ ನೆಲಕ್ಕಿಂತ ಗೇಣುದ್ದ ಎತ್ತರವಾಗುವಂತೆ ನೆಡತಕ್ಕದ್ದು. ನೆಡುವಾಗ ಬೇರಿನ ಹೆಂಟೆ ಒಡೆಯಕೂಡದು. ಬೇರು ಕದಲಿದರೆ ಬಳ್ಳಿ ಮುನಿಸಿಕೊಂಡಂತೆ ತಿಂಗಳುಗಟ್ಟಲೆ ಸುಮ್ಮನಿರುವದು.

ಮೊದಲನೆಯ ವರ್ಷ ಎರಡಕ್ಕೂ ಮೂರು ನಾಲ್ಕು ದಿನಗಳಿಗೊಮ್ಮೆ ಆಳಕ್ಕೆ ಇಳಿಯುವಂತೆ ನೀರುಣಿಸಬೇಕು. ಬೇರೂರಿದ ಮೇಲೆ ಕಣಗಿಲೆಗೆ ಬೇಸಿಗೆಯಲ್ಲಿ ವಾರಕ್ಕೊಂದು ಕೊಡ ಹಾಕಿದರೆ ಹೂ ಹೆಚ್ಚುವದು, ಹಾಕದಿದ್ದರೆ ಗಿಡ ಸಾಯದು. ಕಾಗದದ ಹೂವಿಗೆ ಅತಿಯಾದ ಪ್ರೀತಿಯೇ ಕೇಡು. ದಿನಾಲು ನೀರು ಕಂಡ ಬಳ್ಳಿ ಬರಿಯ ಎಲೆಯನ್ನೂ ಮುಳ್ಳನ್ನೂ ಬೆಳೆಸುವದು. ಸೆಪ್ಟೆಂಬರದ ದೊಡ್ಡ ಮಳೆಗಳು ಮುಗಿದ ಮೇಲೆ ನೀರನ್ನು ಹಿಡಿದು, ಎಲೆ ಸ್ವಲ್ಪ ಬಾಡುವ ವರೆಗೆ ಕಾಯ್ದು, ಆಗ ಮಾತ್ರ ಕೊಡಬೇಕು. ದಿನಕ್ಕೆ ಆರು ತಾಸಾದರೂ ನೇರ ಬಿಸಿಲು ಬೀಳದ ಮೂಲೆಯಲ್ಲಿ ಇದನ್ನು ನೆಡುವದು ವ್ಯರ್ಥ. ಎರಡರಲ್ಲಿಯೂ ಹೊಸ ಚಿಗುರಿನಲ್ಲಿಯೇ ಹೂ ಬರುವದರಿಂದ ಹೂವಿನ ಸುಗ್ಗಿ ಮುಗಿದೊಡನೆ ಕೊಂಬೆಗಳನ್ನು ಮೂರರಲ್ಲಿ ಒಂದು ಪಾಲು ಕತ್ತರಿಸತಕ್ಕದ್ದು.

ಕಣಗಿಲೆಯ ಎಳೆಯ ಕುಡಿಗಳಿಗೆ ಹಳದಿ ಬಣ್ಣದ ಹೇನು ಮುತ್ತುವದುಂಟು. ಬೇವಿನೆಣ್ಣೆಯನ್ನು ಸಾಬೂನಿನ ನೀರಿನಲ್ಲಿ ಕದಡಿ ಸಿಂಪಡಿಸಿದರೆ ಹೋಗುವದು. ಎಲೆಯ ಕೆಳಗೆ ಬೆಳ್ಳಿಯ ಲೋಲಕದಂತೆ ಥಳಥಳಿಸುವ ಕೋಶವೊಂದು ತೂಗುತ್ತಿದ್ದರೆ ಅದನ್ನು ಕೀಳಬೇಡಿರಿ. ಅದು ಕಂದುಗಪ್ಪು ಬಣ್ಣದ ಚಿಟ್ಟೆಯೊಂದರ ತೊಟ್ಟಿಲು. ಮಕ್ಕಳಿಗೆ ತೋರಿಸತಕ್ಕ ನೋಟ.

ಆ ಚಿಟ್ಟೆಯ ಹುಳವು ಅರಗಿಸಿಕೊಳ್ಳುವ ಎಲೆಯು ನಮಗೂ ನಮ್ಮ ದನಗಳಿಗೂ ಘೋರವಾದ ವಿಷವೆಂಬದನ್ನು ಮಾತ್ರ ಒಂದು ಕ್ಷಣವೂ ಮರೆಯಲಾಗದು. ಕಣಗಿಲೆಯ ಬೇರು, ತೊಗಟೆ, ಎಲೆ, ಹೂವು, ಹಾಲು ಎಲ್ಲವುಗಳಲ್ಲಿಯೂ ಹೃದಯದ ಬಡಿತವನ್ನು ಕೆಡಿಸುವ ವಿಷವುಂಟು. ಅದರಲ್ಲಿ ಮುಖ್ಯವಾದದ್ದಕ್ಕೆ ಓಲಿಯಾಂಡ್ರಿನ್ ಎಂದು ಹೆಸರು. 2024ರ ಮೇ ತಿಂಗಳಲ್ಲಿ ಕೇರಳದ ತಿರುವಾಂಕೂರು ದೇವಸ್ವಂ ಮಂಡಳಿಯು ನೈವೇದ್ಯ ಪ್ರಸಾದಗಳಲ್ಲಿ ಈ ಹೂವನ್ನು ಬಳಸಕೂಡದೆಂದು ನಿರ್ಣಯಿಸಿತು. ಅದಕ್ಕೆ ತುಸು ಮುಂಚೆ, ಇದರ ಎಲೆಯನ್ನು ಅಗಿದಿದ್ದ ತರುಣಿಯೊಬ್ಬಳು ತೀರಿಕೊಂಡಳೆಂಬ ವರ್ತಮಾನವು ಆ ಸೀಮೆಯನ್ನು ಕಳವಳಗೊಳಿಸಿತ್ತು.

ಎಮ್ಮೆ ಕಟ್ಟುವ ಮನೆಯವರು ಇನ್ನೊಂದು ಸೂಕ್ಷ್ಮವನ್ನು ಅರಿಯಬೇಕು. ಗಿಡದ ಮೇಲಿನ ಹಸಿ ಎಲೆ ಬಹು ಕಹಿಯಾದ್ದರಿಂದ ದನಗಳು ಸಾಮಾನ್ಯವಾಗಿ ಬಾಯಿ ಹಾಕವು. ಅಪಾಯವಿರುವದು ಕತ್ತರಿಸಿ ಚೆಲ್ಲಿದ ಕೊಂಬೆಗಳಲ್ಲಿ. ಒಣಗಿದ ಎಲೆ ಮೇವಿನಲ್ಲಿ ಸೇರಿದರೆ ಎಮ್ಮೆಗೆ ಗುರುತು ಹತ್ತದು. ಒಣಗಿದ ಮಾತ್ರಕ್ಕೆ ವಿಷವು ಇಲ್ಲದಾಗದು. ಹತ್ತಿಪ್ಪತ್ತು ಎಲೆಗಳೇ ದೊಡ್ಡ ದನವೊಂದರ ಪ್ರಾಣ ತೆಗೆಯಬಲ್ಲವೆಂದು ಪಶುವೈದ್ಯರು ಹೇಳುತ್ತಾರೆ. ವಿಷವುಂಡ ದನದ ಹಾಲಿನಲ್ಲಿ ಸಹ ಅದರ ಅಂಶ ಇಳಿಯುವದೆಂದು ಇಟಲಿ ದೇಶದಲ್ಲಿ ಕಂಡುಬಂದಿದೆ. ಹಾಲುಮೊಸರಿನಿಂದ ಒಲೆ ಉರಿಯುವ ಊರಿಗೆ ಇದು ಸಣ್ಣ ಮಾತಲ್ಲ. ದನವು ಜೊಲ್ಲು ಸುರಿಸುತ್ತ, ಭೇದಿಯಾಗಿ, ಮೇವು ಬಿಟ್ಟು ನಿಂತರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಪಶುವೈದ್ಯರನ್ನು ಕರೆಸಬೇಕು. ಮಕ್ಕಳು ಅಗಿದರೆ ಕೂಡಲೆ ಆಸ್ಪತ್ರೆಗೆ ಒಯ್ಯಬೇಕು.

ಕಾಗದದ ಹೂವಿನಲ್ಲಿ ಈ ಭಯವಿಲ್ಲ. ಮುಳ್ಳು ಚುಚ್ಚುವದು, ರಸ ತಾಗಿದರೆ ಕೆಲವರ ಮೈ ತುರಿಸುವದು, ಅಷ್ಟೆ. ಆಡುಗಳಂತೂ ಇದನ್ನು ಮೆಚ್ಚಿ ಮೇಯುವವು. ಬೇಲಿ ಕಾಯಬೇಕಾದದ್ದು ಬಳ್ಳಿಯ ಸಲುವಾಗಿಯೇ. ಆದುದರಿಂದ ಎಮ್ಮೆಯೂ ಎಳೆಯ ಮಕ್ಕಳೂ ಇರುವ ಮನೆಯ ಬಾಗಿಲಿಗೆ ನಾನು ಕಾಗದದ ಹೂವನ್ನೇ ಹೇಳುವೆನು. ನಡೆದಾಡುವ ದಾರಿಯಿಂದ ಎರಡು ಮಾರು ಆಚೆಗಿರಲಿ. ಕಣಗಿಲೆಯ ತಿಳಿಗೆಂಪನ್ನೂ ಕಂಪನ್ನೂ ಬಿಡಲೊಲ್ಲದವರು ಅದನ್ನು ಕೊಟ್ಟಿಗೆ, ಗೋದಲಿ, ಬಣವೆ, ನೀರಿನ ತೊಟ್ಟಿ ಇವುಗಳಿಂದ ದೂರ, ರಸ್ತೆಯ ಕಡೆಯ ಗೋಡೆಗೆ ಹಚ್ಚಲಿ. ಕತ್ತರಿಸಿದ ಕೊಂಬೆಗಳನ್ನು ಒಲೆಗೆ ಹಾಕಕೂಡದು, ಹೊಗೆಯೂ ವಿಷವೇ. ಅಂದೇ ಆಳವಾದ ಕುಣಿಯಲ್ಲಿ ಮುಚ್ಚಿ ಕೈ ತೊಳೆಯಬೇಕು.

ಎರಡನ್ನೂ ಬೀಜವಿಲ್ಲದೆ, ಸೀಸಕಡ್ಡಿಯಷ್ಟು ದಪ್ಪನಾದ ಬಲಿತ ಕಡ್ಡಿಯಿಂದಲೇ ಬೆಳೆಸಬಹುದು. ಮುಂಗಾರಿನ ಮೊದಲಲ್ಲಿ ಗೇಣುದ್ದದ ಕಡ್ಡಿಗಳನ್ನು ಉಸುಕು ಬೆರೆತ ಮಣ್ಣಿನಲ್ಲಿ ಊರಿ ನೆರಳಲ್ಲಿಡಿರಿ. ಕಣಗಿಲೆ ಬೇಗ ಬೇರು ಬಿಡುವದು; ಕಾಗದದ ಹೂವು ನಿಧಾನಿಸುವದು, ಹತ್ತು ಊರಿದರೆ ನಾಲ್ಕೈದು ಹತ್ತಿದರೂ ಸಾಕೆನ್ನಬೇಕು. ಕಣಗಿಲೆಯ ಕಡ್ಡಿಗಳನ್ನು ಅಡಿಗೆಮನೆಯ ತಂಬಿಗೆಯ ನೀರಿನಲ್ಲಿ ಮಾತ್ರ ನಿಲ್ಲಿಸಿಡಬೇಡಿರಿ. ಆ ನೀರು ಕೂಡ ವಿಷವಾಗುವದು.