ಬಳ್ಳಾರಿಯಲ್ಲಿ ಬೈಬಲನ್ನು ಕನ್ನಡಿಸಿದವರು

ಇಂದು ವಿಜಯನಗರ ಜಿಲ್ಲೆಯಲ್ಲಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು ಹಿಂದೆ ಬಳ್ಳಾರಿ ಸೀಮೆಯವು. 1800ರಲ್ಲಿ ಕುಂಪಣಿಯ ಕೈಸೇರಿದ ಆ ಸೀಮೆಗೆ 1810ರಲ್ಲಿ ಲಂಡನ್ ಮಿಷನ್ನಿನ ಪಾದ್ರಿ ಜಾನ್ ಹ್ಯಾಂಡ್ಸ್ ಬಂದರು. ಬೈಬಲನ್ನು ಕನ್ನಡಕ್ಕೆ ತರಬೇಕೆಂಬುದು ಅವರ ಹಂಬಲ. ಕೇಶಿರಾಜನ ವ್ಯಾಕರಣವೇನೋ ಓಲೆಗರಿಗಳಲ್ಲಿತ್ತು. ಆದರೆ ಆಂಗ್ಲರು ಕನ್ನಡ ಕಲಿಯಲು ಅಚ್ಚಾದ ವ್ಯಾಕರಣವಾಗಲಿ ನಿಘಂಟಾಗಲಿ ಆಗ ಇರಲಿಲ್ಲ. ಹ್ಯಾಂಡ್ಸ್ ತಾವೇ ವ್ಯಾಕರಣವನ್ನೂ ಪದಪಟ್ಟಿಯನ್ನೂ ರಚಿಸಿಕೊಂಡರು. ಜೊತೆಗಾರ ವಿಲಿಯಂ ರೀವ್ ಹೆಗಲುಕೊಟ್ಟರು. ಎರಡು ದಶಕಗಳ ದುಡಿಮೆ ಫಲಿಸಿ, 1831ರ ವೇಳೆಗೆ ಇಡಿಯ ಬೈಬಲು ಕನ್ನಡದಲ್ಲಿ ಅಚ್ಚಾಯಿತು. ಮರುವರ್ಷವೇ ರೀವರ ಕನ್ನಡ-ಇಂಗ್ಲಿಷ್ ನಿಘಂಟು ಮದರಾಸಿನಲ್ಲಿ ಹೊರಬಂದಿತು. ಅನುವಾದವನ್ನು ಮುಂದಿನವರು ತಿದ್ದಿದರು. 1894ರಲ್ಲಿ ಕಿಟೆಲರ ಕೋಶವು ರೀವರ ನಿಘಂಟನ್ನು ಮೀರಿಸಿತು. ಆದರೂ ಒಂದು ಮತದ ಗ್ರಂಥಕ್ಕಾಗಿ ಕೂಡಿಸಿದ ಶಬ್ದಸಂಪತ್ತು ಮತಭೇದವಿಲ್ಲದೆ ಕನ್ನಡಕ್ಕೆಲ್ಲ ಸಂದಿತೆಂಬುದನ್ನು ನಾವು ಮರೆಯಲಾಗದು.