ಗಾಜು ಇಳಿದರೆ ಬಿಲ್ಲೂ ಇಳಿದೀತು, ಉಸಿರೂ ಉಳಿದೀತು

ಮುಂಬಯಿ: ಹೋಟೆಲ್ ಉದ್ಯಮದಲ್ಲಿ ಹೆಸರು ಮಾಡಿದ ಮಹಾನಗರದ ಕನ್ನಡಿಗರಿಗೆ ಅಡುಗೆಮನೆಯ ಹೊಗೆ ಎಳೆಯುವ ಎಕ್ಸಾಸ್ಟ್ ಫ್ಯಾನ್ ಹೊಸತಲ್ಲ. ರಾಸಾಯನಿಕ ಪ್ರಯೋಗಶಾಲೆಯಲ್ಲಿ ಅದೇ ಕೆಲಸ ಮಾಡುವುದು ‘ಫ್ಯೂಮ್ ಹುಡ್’. ಥಾಣೆ-ಬೇಲಾಪುರ ಪಟ್ಟಿಯ ಔಷಧ ಕಂಪನಿಗಳಲ್ಲಿ ದುಡಿಯುವವರಿಗೆ ಇದು ಚಿರಪರಿಚಿತ. ಎದುರಿಗೆ ಮೇಲೆ-ಕೆಳಗೆ ಸರಿಯುವ ಗಾಜು, ಒಳಗೆ ಆಸಿಡ್, ದ್ರಾವಕಗಳು, ಮೇಲೆ ವಿಷಾನಿಲವನ್ನು ಛಾವಣಿಯಾಚೆ ಒಯ್ಯುವ ಕೊಳವೆ.

ವಿಷ ಬೆರೆತ ಈ ಗಾಳಿಯನ್ನು ಮತ್ತೆ ಕೋಣೆಗೆ ಬಿಡುವಂತಿಲ್ಲ. ಹೊರಹೋದಷ್ಟೇ ಹೊಸ ಗಾಳಿಯನ್ನು ತಂದು, ಎ.ಸಿ.ಯಲ್ಲಿ ತಣಿಸಿ, ತೇವ ತೆಗೆದು ತುಂಬಬೇಕು. ಗಾಜಿನ ಬಾಯಲ್ಲಿ ಗಾಳಿಯ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 0.5 ಮೀಟರ್. ಒಂದೂವರೆ ಮೀಟರ್ ಅಗಲದ ಹುಡ್‌ನ ಗಾಜು 70 ಸೆಂಟಿಮೀಟರ್ ತೆರೆದಿದ್ದರೆ, ಹತ್ತಡಿ ಉದ್ದ, ಅಗಲ, ಎತ್ತರದ ಚಾಳಿನ ಖೋಲಿಯೊಂದರಷ್ಟು ತಂಪು ಗಾಳಿ ಒಂದು ನಿಮಿಷದೊಳಗೆ ಆಕಾಶಪಾಲು! ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದ ತಜ್ಞರ ಅಂದಾಜಿನಂತೆ, ಒಂದು ಹುಡ್ ನುಂಗುವ ಶಕ್ತಿ ಅಲ್ಲಿನ ಮೂರಕ್ಕೂ ಹೆಚ್ಚು ಮನೆಗಳ ಬಳಕೆಗೆ ಸಮ.

ಹಾಗೆಂದು ಬಿಲ್ಲಿನ ಭಯಕ್ಕೆ ಫ್ಯಾನ್ ನಿಧಾನ ಮಾಡಿದರೆ ಅನಿಲ ಕೆಲಸಗಾರನ ಮುಖಕ್ಕೇ ಬಂದೀತು. ಉಳಿತಾಯ ಮಾಡಬೇಕಾದುದು ವೇಗದಲ್ಲಲ್ಲ, ತೆರೆದ ಬಾಯಲ್ಲಿ. ಗಾಜನ್ನು 20 ಸೆಂಟಿಮೀಟರಿಗೆ ಇಳಿಸಿದರೆ ಅದೇ ವೇಗಕ್ಕೆ ಮೂರನೇ ಒಂದಕ್ಕಿಂತಲೂ ಕಡಿಮೆ ಗಾಳಿ ಸಾಕು. ಏನಾದರೂ ಸಿಡಿದರೆ ಗಾಜೇ ಅಡ್ಡ ನಿಲ್ಲುತ್ತದೆ. ಆದರೆ ಸದಾ ಒಂದೇ ಪ್ರಮಾಣದಲ್ಲಿ ಗಾಳಿ ಎಳೆಯುವ ಹಳೆಯ ವ್ಯವಸ್ಥೆಯಲ್ಲಿ ಗಾಜು ಇಳಿಸಿದರೂ ಬಿಲ್ಲು ಇಳಿಯದು. ಗಾಜಿನ ಎತ್ತರಕ್ಕೆ ತಕ್ಕಂತೆ ಗಾಳಿ ಹೊಂದಿಸುವ ‘ವಿ.ಎ.ವಿ.’ ವ್ಯವಸ್ಥೆಯನ್ನು ಕಟ್ಟಡದ ನಕ್ಷೆಯ ಹಂತದಲ್ಲೇ ಸೇರಿಸುವುದು ಲೇಸು. ಗಾಳಿ ಶೇ. 20 ಇಳಿದರೆ ಫ್ಯಾನಿನ ವಿದ್ಯುತ್ ಸುಮಾರು ಅರ್ಧಕ್ಕೆ ಇಳಿಯಬಲ್ಲದು. ಹೊರಹೋಗುವ ಗಾಳಿಯ ತಂಪನ್ನು ನೀರಿನ ಕೊಳವೆಗಳ ಮೂಲಕ ಒಳಬರುವ ಗಾಳಿಗೆ ದಾಟಿಸುವ ಉಪಾಯವೂ ಇದೆ. ಇದರಲ್ಲಿ ಎರಡು ಗಾಳಿಗಳು ಬೆರೆಯುವುದಿಲ್ಲ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್ 2008ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಕೋಣೆಯ ಗಾಳಿಯ ಗುಣ ಅಳೆಯುವ ಸೆನ್ಸರ್‌ಗಳನ್ನು ಅಳವಡಿಸಿ, ಅಗತ್ಯವಿದ್ದಾಗ ಮಾತ್ರ ಗಾಳಿ ಹೆಚ್ಚಿಸಲಾಯಿತು. ಹಾರ್ವರ್ಡ್ ವಿಶ್ವವಿದ್ಯಾಲಯವಂತೂ ಗಾಜು ಇಳಿಸುವ ಅಭ್ಯಾಸಕ್ಕೆ ಪ್ರಯೋಗಶಾಲೆಗಳ ನಡುವೆ ಸ್ಪರ್ಧೆಯನ್ನೇ ಏರ್ಪಡಿಸಿತು. ಯಂತ್ರ ಎಷ್ಟೇ ಜಾಣವಾಗಿದ್ದರೂ ಗಾಜು ಇಳಿಸುವ ಕೈ ಮನುಷ್ಯನದೇ ಎಂಬುದು ಉಲ್ಲೇಖನೀಯ.

ಮಕ್ಕಳು ಪ್ರಯೋಗಶಾಲೆಯಲ್ಲಿ ದುಡಿಯುತ್ತಿರುವ ಮನೆಗಳಲ್ಲಿ ಹಿರಿಯರು ಸಂಬಳದ ಜತೆಗೆ ಇನ್ನೊಂದು ಮಾತನ್ನೂ ಕೇಳಬೇಕು: ‘ಇವತ್ತು ಗಾಜು ಇಳಿಸಿ ಬಂದೆಯಾ ಮಗಾ?’